ಎಣ್ಣೆ ಬೇಡವೆಂದ ಡಾಕ್ಟರಮ್ಮ

ನಮ್ಮ ಮನೆಯಲ್ಲಿ ಕಿರುಗುಟ್ಟುವ ಬಾಗಿಲು ಒಂದೂ ಇಲ್ಲ. ಕಿಟಕಿ, ಕಪಾಟು, ಕೊಡೆ, ಕತ್ತರಿ, ಅಷ್ಟೇಕೆ, ನನ್ನ ಕನ್ನಡಕದ ಕಡ್ಡಿಗೂ ನಮ್ಮ ಯಜಮಾನರು ಎಣ್ಣೆ ಬಿಟ್ಟಿದ್ದಾರೆ. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ, ಹಿಂದಿನ ಕೋಣೆಯಲ್ಲಿ ಅವರು ಊರಿನ ಯಂತ್ರಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂರುತ್ತಾರೆ. ನಡುವೆ ಒಂದು ಬಾಗಿಲು. ಅದನ್ನು ಯಾವತ್ತಾದರೂ ಮುಚ್ಚಿದ್ದು ನನಗೆ ನೆನಪಿಲ್ಲ. ಬೀದಿಯವರು ಅವರಿಗೆ ಎಣ್ಣೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಹೊಸಬರು ಈ ಹೆಸರು ಕೇಳಿ ಏನೇನೋ ತಿಳಿದುಕೊಂಡು ನನ್ನ ಕಡೆ ಅಯ್ಯೋ ಪಾಪ ಎಂಬಂತೆ ನೋಡುವುದುಂಟು. ಅಂಥವರನ್ನು ನಾನು ಸ್ವಲ್ಪ ಹೊತ್ತು ಹಾಗೇ ಬಿಟ್ಟು ಒಳಗೊಳಗೇ ನಗುತ್ತೇನೆ.

“ತಿರುಗೋದಕ್ಕೆಲ್ಲ ಎಣ್ಣೆ ಬೇಕು ಕಣೇ,” ಎನ್ನುವುದು ಅವರ ವೇದಾಂತ. “ತಿರುಗದೇ ಇರೋದಕ್ಕೂ ಒಂದು ತೊಟ್ಟು ಬಿಟ್ರೆ ನಷ್ಟವೇನಿಲ್ಲ.”

ಇಂಥ ಮನುಷ್ಯನ ಕೀಲುಗಳೇ ಕೈಕೊಟ್ಟವು.

ನನಗೆ ಮೊದಲು ಅನುಮಾನ ಬಂದದ್ದು ಅವರ ಅಂಗಿಯ ಗುಂಡಿಗಳಿಂದ. ಗುಂಡಿ ಹೊಲಿದು ಹೊಟ್ಟೆ ಹೊರೆಯುವವಳು ನಾನು. ಯಾರ ಎದೆಯ ಮೇಲೆ ಯಾವ ಗುಂಡಿ ಹಾಕಿಲ್ಲ ಎಂಬುದು ನನ್ನ ಕಣ್ಣಿಗೆ ತಾನಾಗಿ ಬೀಳುತ್ತದೆ. ಚಳಿಗಾಲದ ಒಂದು ಬೆಳಿಗ್ಗೆ ಈ ಮಹಾಶಯರು ಅಂಗಿಯನ್ನು ಬಾಗಿಲಿನ ಹಾಗೆ ತೆರೆದುಕೊಂಡು ಓಡಾಡುತ್ತಿದ್ದರು.

“ಏನ್ರೀ ಇದು, ಗುಂಡಿ ಯಾಕೆ ಹಾಕ್ಕೊಂಡಿಲ್ಲ?”

“ಸೆಕೆ.”

ಬಾಯಲ್ಲಿ ಹೊಗೆ ಬರುವಷ್ಟು ಚಳಿ, ಇವರಿಗೆ ಸೆಕೆ! ಅವತ್ತಿನಿಂದ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಚಹಾದ ಲೋಟವನ್ನು ಅವರು ಬೆರಳಿನಲ್ಲಿ ಹಿಡಿಯದೆ ಎರಡು ಅಂಗೈ ನಡುವೆ ಒತ್ತಿ ಎತ್ತುತ್ತಿದ್ದರು. ಹಾಸಿಗೆಯಿಂದ ಎದ್ದು ಬಚ್ಚಲುಮನೆಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು. ಒಂದು ದಿನ ಅವರ ಕೈಯನ್ನು ಸರಕ್ಕನೆ ಎಳೆದು ನೋಡಿದೆ. ಬೆರಳ ಗಿಣ್ಣುಗಳೆಲ್ಲ ಊದಿ ಕೆಂಪಾಗಿ ಬಿಸಿಯಾಗಿದ್ದವು. ಅಷ್ಟಕ್ಕೇ ಅವರ ಕಣ್ಣಲ್ಲಿ ನೀರು ಬಂತು. ಬೈಯಬೇಕೆಂದು ಬಾಯಿ ತೆರೆದವಳು ಅವರ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದೆ.

ಆಸ್ಪತ್ರೆಗೆ ಹೋದೆವು. ರಕ್ತ ತೆಗೆದರು, ಕೈಯ ಎಕ್ಸ್‌ರೇ ತೆಗೆದರು. ಇದು ಕೀಲುಗಳ ಉರಿಯೂತ, ಬಂದು ಹೋಗುವ ಜಾತಿಯದಲ್ಲ, ಜೊತೆಯಲ್ಲೇ ಇರುವಂಥದು ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಮಂಡಿ ಸ್ವಲ್ಪ ಹಗುರಾಯಿತು. ಬೆರಳುಗಳು ಮಾತ್ರ ಜಗ್ಗಲಿಲ್ಲ. ರಿಪೇರಿಗೆ ಬಂದ ಯಂತ್ರಗಳು ಹಿಂದಿನ ಕೋಣೆಯಲ್ಲಿ ಸಾಲುಗಟ್ಟಿ ನಿಂತವು. ಇವರು ಅವುಗಳ ಮುಂದೆ ಕೂತು ಬಟ್ಟೆಯಿಂದ ಮೇಲಿನ ಧೂಳು ಮಾತ್ರ ಒರೆಸುತ್ತಿದ್ದರು.

ನಮ್ಮ ಮಗಳಿರುವುದು ಪಕ್ಕದ ಬೀದಿಯಲ್ಲೇ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ, ತವರಿಗೆ ಬಂದರೂ ಲೆಕ್ಕಾಚಾರ ಬಿಡುವುದಿಲ್ಲ. ಒಂದು ಭಾನುವಾರ ಬಂದವಳು ಅಪ್ಪನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ಅಪ್ಪ, ಇನ್ನು ಸಾಕು ಮಾಡು. ಹಿಂದಿನ ಕೋಣೇನ ಜೆರಾಕ್ಸ್ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಬಿಡೋಣ. ಅವರಿಗೆ ಜಾಗ ಸಾಲ್ತಿಲ್ಲ, ಕೇಳ್ತಾನೇ ಇದ್ದಾರೆ.”

“ಆ ಕೋಣೇಲಿ ನಾನು ಕೂರ್ತೀನಲ್ಲ?”

“ಒಳಗೆ ಕೂತ್ಕೋ, ಆರಾಮಾಗಿ.”

“ಆರಾಮಾಗಿ ಕೂತು ಏನ್ಮಾಡ್ಲಿ?”

“ಏನೂ ಮಾಡ್ಬೇಡ. ಅದಕ್ಕೇ ಅಲ್ವಾ ಆರಾಮು ಅನ್ನೋದು?”

ಅವಳು ಕೆಟ್ಟದ್ದಕ್ಕೆ ಹೇಳಲಿಲ್ಲ, ಅಪ್ಪನ ಕೈ ನೋಡಲಾರದೆ ಹೇಳಿದಳು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು, “ನಿನ್ನ ಶಾಲೆಗೆ ಬೇಸಿಗೆ ರಜೆ ಬರಲಿ. ಅಷ್ಟರೊಳಗೆ ಈ ಕೈ ಕೆಲಸಕ್ಕೆ ಬರೋ ಹಾಗೆ ಆಗದಿದ್ರೆ ಕೋಣೆ ನಾನೇ ಖಾಲಿ ಮಾಡಿ ಕೊಡ್ತೀನಿ,” ಎಂದರು. ಕೊಟ್ಟ ಮಾತಿಗೆ ತಪ್ಪುವ ಜನ ಅಲ್ಲ ನಮ್ಮವರು. ಅದೇ ನನಗೆ ಹೆದರಿಕೆ. ಯಂತ್ರಗಳಿಲ್ಲದ ಇವರನ್ನು ಒಳಗಿನ ಕುರ್ಚಿಯಲ್ಲಿ ಕೂರಿಸಿ ನೋಡುವುದನ್ನು ನೆನೆದರೆ ನನ್ನ ಹೊಲಿಗೆ ದಾರಿ ತಪ್ಪುತ್ತಿತ್ತು. ಇಷ್ಟು ವರ್ಷ ಅವರು ಆ ಕೋಣೆಯಲ್ಲಿ ಗುನುಗುವುದನ್ನು ಕೇಳುತ್ತ ನಾನು ಈ ಕೋಣೆಯಲ್ಲಿ ಹೊಲಿದಿದ್ದೇನೆ.

ಅದೇ ವಾರ ಆಯುರ್ವೇದದ ಡಾಕ್ಟರಮ್ಮ ಬಿಳಿ ಕೋಟು ಹೊಲಿಸಲು ಬಂದರು. ಬೀದಿಯ ಕೊನೆಯ ಸೈಕಲ್ ಅಂಗಡಿಯ ಮೇಲ್ಮಹಡಿಯಲ್ಲಿ ಅವರ ಚಿಕಿತ್ಸಾಲಯ. ದೊಡ್ಡ ದನಿ, ದೊಡ್ಡ ನಗು, ತೋಳಿನ ಅಳತೆ ತೆಗೆಯುವಾಗಲೂ ಕೈ ಆಡಿಸಿಕೊಂಡೇ ಮಾತು. ನಾನು ಟೇಪು ಹಿಡಿದು ಒದ್ದಾಡುತ್ತಿರುವಾಗ ಅವರು ಬಾಗಿಲಾಚೆ ನೋಡಿ, “ನಿಮ್ಮ ಯಜಮಾನರು ಲೋಟ ಹಿಡಿಯೋದು ಯಾವಾಗಿಂದ ಹೀಗೆ?” ಎಂದು ಕೇಳಿದರು. ನಾನು ಟೇಪು ಕೆಳಗಿಟ್ಟು ಎಲ್ಲ ಹೇಳಿದೆ.

ಮರುದಿನ ಅವರ ಮೆಟ್ಟಿಲು ಹತ್ತಿದೆವು. ಸಣ್ಣ ಕೋಣೆ, ಎರಡು ಕುರ್ಚಿ, ಗೋಡೆಯ ಉದ್ದಕ್ಕೂ ಡಬ್ಬಿಗಳು. ನಮ್ಮವರು ಕೈ ಚಾಚಿದರೆ ಡಾಕ್ಟರಮ್ಮ ನಾಲಗೆ ಚಾಚಲು ಹೇಳಿದರು. ಹಸಿವು ಹೇಗೆ, ನಿದ್ದೆ ಹೇಗೆ, ಹೊಟ್ಟೆ ಸರಿಯಾಗಿ ಹೋಗುತ್ತದೆಯೇ, ಮಧ್ಯಾಹ್ನ ಮಲಗುತ್ತೀರಾ, ರಾತ್ರಿ ಮೊಸರು ತಿನ್ನುತ್ತೀರಾ ಎಂದು ಒಂದೊಂದೇ ಕೇಳಿದರು.

“ಅಮ್ಮಾ, ನೋವಿರೋದು ಕೈಗೆ,” ಎಂದರು ಇವರು, ಮೆಲ್ಲಗೆ.

“ಗೊತ್ತು. ಆದರೆ ಹೊರಟಿರೋದು ಹೊಟ್ಟೆಯಿಂದ,” ಎಂದರು ಅವರು. “ತಿಂದದ್ದು ಸರಿಯಾಗಿ ಅರಗದೆ ಜಿಗುಟಾಗಿ ಉಳಿಯುತ್ತಲ್ಲ, ಅದನ್ನ ನಮ್ಮ ಶಾಸ್ತ್ರದಲ್ಲಿ ಆಮ ಅಂತೀವಿ. ಅದು ಹೋಗಿ ಕೀಲಲ್ಲಿ ಕೂತಿದೆ. ಮೊದಲು ಅದನ್ನ ಕರಗಿಸಿ ಹೊರಗೆ ಹಾಕಬೇಕು. ಇನ್ನೊಂದು ಮಾತು. ಆಸ್ಪತ್ರೆಯ ಮಾತ್ರೆ ನಿಲ್ಲಿಸಕೂಡದು. ನಾನು ಏನು ಕೊಟ್ಟಿದ್ದೀನಿ ಅಂತ ಅಲ್ಲಿನ ಡಾಕ್ಟರಿಗೂ ಹೇಳಿ, ಅವರು ಕರೆದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಹತೋಟಿಗೆ ತರಬಹುದು.”

ಆಮೇಲೆ ಮದ್ದು ಹೇಳಿದರು. ಒಣಶುಂಠಿ ಹಾಕಿ ಕುದಿಸಿದ ನೀರು, ಗುಗ್ಗುಳದ ಗುಳಿಗೆ, ಮಲಗುವ ಮುಂಚೆ ಬಿಸಿ ಕಷಾಯದಲ್ಲಿ ಒಂದಿಷ್ಟು ಹರಳೆಣ್ಣೆ. ಊಟಕ್ಕೆ ಗಂಜಿ, ಮೊಸರು ಬಂದ್, ಹಗಲು ನಿದ್ದೆ ಬಂದ್. ಬಾಣಲೆಯಲ್ಲಿ ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಡೆಯುವಷ್ಟು ಬಿಸಿಯಲ್ಲಿ ಕೀಲುಗಳಿಗೆ ಒಣ ಶಾಖ.

“ಮತ್ತೆ ಹಚ್ಚೋಕೆ ಎಣ್ಣೆ?” ಎಂದು ಇವರು ಉತ್ಸಾಹದಿಂದ ಮುಂದೆ ಬಾಗಿದರು. ಇಷ್ಟು ಹೊತ್ತು ಕಾದು ಕೂತದ್ದೇ ಆ ಒಂದು ಪ್ರಶ್ನೆಗಾಗಿ.

“ಎಣ್ಣೆ ಈಗ ಬೇಡ. ಒಂದು ತೊಟ್ಟೂ ಸೋಕಿಸಬೇಡಿ. ಬಾವು ಇಳಿದು, ನಾಲಗೆ ಮೇಲಿನ ಬಿಳಿ ಲೇಪ ಹೋಗಿ ತಿಳಿಯಾದ ಮೇಲೆ ನಾನೇ ಹೇಳ್ತೀನಿ.”

ನಮ್ಮವರ ಮುಖ ನೋಡಬೇಕಿತ್ತು. ಇಂಗು ತಿಂದ ಮಂಗ ಎನ್ನುತ್ತಾರಲ್ಲ, ಅಚ್ಚು ಹಾಗೇ. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ನಿಂತು ನನಗೆ ಪಾಠ ಹೇಳಿದರು.

“ಕೀಲಿಗೆ ಮರಳು ಅಂತೆ! ಒಂದು ಕಾಳು ಮರಳು ಒಳಗೆ ಬಿದ್ರೆ ಇಡೀ ಯಂತ್ರ ಹಾಳು. ಇವರು ಗಂಟು ಕಟ್ಟಿ ಇಡು ಅಂತಾರೆ. ಎಣ್ಣೆ ಹಚ್ಚಬಾರದಂತೆ, ಆದರೆ ಕುಡೀಬೇಕಂತೆ! ಬೇಕಾದ ಕಡೆ ಬೇಡ, ಬೇಡದ ಕಡೆ ಬೇಕು. ಈಯಮ್ಮ ಯಾವತ್ತಾದ್ರೂ ಒಂದು ಯಂತ್ರ ಬಿಚ್ಚಿ ನೋಡಿದಾರಾ?”

“ಅವರು ಬಿಚ್ಚೋದು ಯಂತ್ರ ಅಲ್ಲ ಕಣ್ರೀ.”

“ಕೀಲು ಕೀಲೇ,” ಎಂದು ಮುಖ ತಿರುಗಿಸಿದರು.

ಆದರೂ ಮನೆಗೆ ಬಂದ ಮೇಲೆ ಒಳ್ಳೆಯ ಹುಡುಗನ ಹಾಗೆ ಎಲ್ಲ ಪಾಲಿಸಿದರು. ಶುಂಠಿ ನೀರು ಕುಡಿದರು. ಹರಳೆಣ್ಣೆಯನ್ನು ಮೂಗು ಹಿಡಿದುಕೊಂಡು ನುಂಗಿದರು. ಬೆಳಿಗ್ಗೆ ಬಚ್ಚಲುಮನೆಗೆ ಓಡುವಾಗ ಮಂಡಿನೋವು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ನಾನು ಮರಳು ಸೋರದ ಹಾಗೆ ದಪ್ಪ ಬಟ್ಟೆಯಲ್ಲಿ ಎರಡೆರಡು ಹೊಲಿಗೆ ಹಾಕಿ ಚೀಲಗಳನ್ನು ಹೊಲಿದೆ. ಬೆರಳಿಗೊಂದು ಅಳತೆ, ಮಂಡಿಗೊಂದು ಅಳತೆ. ಶಾಖ ಕೊಡುವಾಗ ಅವರು ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದರು. ಗೊಣಗದೆ ಒಂದು ಊಟ ಮುಗಿಸಿದ ಮನುಷ್ಯನಲ್ಲ ಅವರು. ಆ ಮೌನಕ್ಕೇ ನಾನು ಅನುಮಾನ ಪಡಬೇಕಿತ್ತು.

ಬಾವು ಇಳಿಯಲಿಲ್ಲ, ಬದಲಿಗೆ ಏರಿತು. ಮಣಿಕಟ್ಟು ಸಹ ಊದಿಕೊಂಡಿತು. ಮೊದಲು ಬೆಳಿಗ್ಗೆ ಮಾತ್ರ ಇದ್ದ ಬಿಗಿತ ಈಗ ಮಧ್ಯಾಹ್ನದವರೆಗೂ ಬಿಡುತ್ತಿರಲಿಲ್ಲ. ಮಗಳು ದಿನಾ ಬಂದು ಕೈ ನೋಡಿ ಹೋಗುತ್ತಿದ್ದಳು. ಜೆರಾಕ್ಸಿನವರು ಬೀದಿಯಲ್ಲಿ ಸಿಕ್ಕಾಗ ಬಹಳ ಮರ್ಯಾದೆಯಿಂದ, “ಆರೋಗ್ಯ ಹೇಗಿದೆ ಮೇಷ್ಟ್ರದು?” ಎಂದು ಕೇಳುತ್ತಿದ್ದರು. ಪಾಪ, ಒಳ್ಳೆಯವರು. ಆದರೂ ಅವರ ಮರ್ಯಾದೆಗೆ ನನ್ನ ಮೈ ಉರಿಯುತ್ತಿತ್ತು. ಡಾಕ್ಟರಮ್ಮನ ಮೇಲೂ ಸಿಟ್ಟು ಬಂತು. ಇವರ ಮರಳಿಗಿಷ್ಟು, ಇವರ ಶುಂಠಿಗಿಷ್ಟು ಬೆಂಕಿ ಬೀಳ ಎಂದು ಅವರ ಕೋಟಿನ ಕಾಲರಿಗೆ ಕಚ್ಚಾ ಹೊಲಿಗೆ ಹಾಕುತ್ತ ಬೈದುಕೊಂಡೆ.

ಈ ನಡುವೆ ಹಿಂದಿನ ಕೋಣೆಯಿಂದ ಒಂದು ಹೊಸ ವಾಸನೆ ಬರಲು ಶುರುವಾಗಿತ್ತು. ಎಳ್ಳು, ಬೇರು, ಕರ್ಪೂರ ಎಲ್ಲ ಕಲಸಿದಂತೆ.

“ಏನ್ರೀ ಇದು ವಾಸನೆ?”

“ಹೊಸ ಮೆಶಿನ್ ಎಣ್ಣೆ. ಬೇರೆ ಕಂಪನಿದು.”

“ಮೆಶಿನ್ ಎಣ್ಣೆಗೆ ಗಿಡಮೂಲಿಕೆ ಹಾಕ್ತಾರಾ?”

“ಈಗ ಎಲ್ಲದಕ್ಕೂ ಹಾಕ್ತಾರೆ.”

ಟೂತ್‌ಪೇಸ್ಟಿಗೂ ಸೋಪಿಗೂ ಹಾಕುವ ಕಾಲ ಇದು, ಇರಬಹುದು ಎಂದು ನಾನೂ ನಂಬಿದೆ.

ಡಾಕ್ಟರಮ್ಮನ ಕೋಟು ಮುಗಿಯಿತು. ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದೆ. ಊಟ ಮಾಡಿ ಬಂದು ಮಡಚೋಣ ಎಂದು ಎತ್ತಿಕೊಂಡರೆ, ಬೆಳ್ಳನೆಯ ಬೆನ್ನಿನ ಮೇಲೆ ಐದು ಬೆರಳಿನ ಹಳದಿ ಗುರುತು! ಬೆರಳುಗಳು ಅಂಟಂಟಾಗಿ ಮೂಡಿದ್ದವು. ಯಾರೋ ಕುರ್ಚಿ ಹಿಡಿದುಕೊಂಡು ಎದ್ದಿದ್ದಾರೆ. ಮೂಗಿನ ಹತ್ತಿರ ಹಿಡಿದೆ. ಎಳ್ಳು, ಬೇರು, ಕರ್ಪೂರ.

ನಾನು ಕೋಟು ಹಿಡಿದು ಬಾಗಿಲ ಹತ್ತಿರ ಹೋದಾಗ ಒಳಗೆ ಗಿರಾಕಿಯೊಬ್ಬರಿದ್ದರು. ಪರದೆ ಹೊಲಿಯುವ ಅಮ್ಮ, ನಿಂತುಹೋದ ತಮ್ಮ ಯಂತ್ರವನ್ನು ಹೊತ್ತು ತಂದಿದ್ದರು. ನಮ್ಮವರು ಹೇಗೋ ಮಣಿಕಟ್ಟಿನಿಂದ ತಳ್ಳಿ ಅದನ್ನು ಮಗುಚಿ, ಹೊಟ್ಟೆ ನೋಡಿ, ಕೂಗಾಡುತ್ತಿದ್ದರು. ನೋವಿದ್ದರೂ ಬೈಯುವ ಶಕ್ತಿ ಕಡಿಮೆಯಾಗಿರಲಿಲ್ಲ.

“ಯಾರಮ್ಮಾ ಇದಕ್ಕೆ ಎಣ್ಣೆ ಬಿಟ್ಟಿದ್ದು?”

“ನಾನೇ. ಬಿಗಿಯಾಯ್ತು ಅಂತ ಸ್ವಲ್ಪ ಜಾಸ್ತೀನೇ ಬಿಟ್ಟೆ,” ಎಂದರು ಆ ಅಮ್ಮ.

“ಜಾಸ್ತಿ! ಒಳಗೆಲ್ಲ ನೂಲಿನ ಕಸ ತುಂಬಿದೆ, ಹಳೇ ಎಣ್ಣೆ ಅಂಟಾಗಿ ಕೂತಿದೆ. ಅದರ ಮೇಲೆ ಹೊಸ ಎಣ್ಣೆ ಸುರಿದ್ರೆ ಏನಾಗುತ್ತೆ? ಎರಡೂ ಸೇರಿ ಗೋಂದು ಆಗುತ್ತೆ. ಮೊದಲು ಕಸ ತೆಗೀಬೇಕು. ಸೀಮೆಎಣ್ಣೇಲಿ ತೊಳೀಬೇಕು. ಒಣಗಿಸ್ಬೇಕು. ಚೆನ್ನಾಗಿ ಒಣಗಿದ ಮೇಲೆ ಎಣ್ಣೆ. ಕಸದ ಮೇಲೆ ಎಣ್ಣೆ ಬಿಡೋದು ಅಂದ್ರೆ...”

ಅಲ್ಲಿಗೆ ಅವರಿಗೆ ಬಾಗಿಲಲ್ಲಿ ನಿಂತ ನಾನು ಕಂಡೆ, ನನ್ನ ಕೈಯ ಕೋಟೂ ಕಂಡಿತು.

“ಹೇಳಿ, ಹೇಳಿ. ನಿಲ್ಲಿಸಿದ್ರಲ್ಲ?” ಎಂದೆ. “ಕಸದ ಮೇಲೆ ಎಣ್ಣೆ ಬಿಡೋದು ಅಂದ್ರೆ?”

ಅವರು ಯಂತ್ರದ ಹೊಟ್ಟೆ ನೋಡಿದರು. ತಮ್ಮ ಬೆರಳು ನೋಡಿಕೊಂಡರು. ಮತ್ತೆ ಯಂತ್ರ ನೋಡಿದರು. ಪರದೆಯ ಅಮ್ಮ ನಮ್ಮಿಬ್ಬರ ಮುಖ ನೋಡಿ, ಗಂಡ ಹೆಂಡತಿ ನಡುವೆ ನಾನ್ಯಾಕೆ ಎಂದುಕೊಂಡು ಯಂತ್ರ ಅಲ್ಲೇ ಬಿಟ್ಟು ಹೊರಟೇ ಹೋದರು.

ಆಮೇಲೆ ಎಲ್ಲ ಹೊರಬಂತು. ಮದ್ದಿನಂಗಡಿಯಿಂದ ನೋವಿನ ಎಣ್ಣೆ ತಂದಿದ್ದರು. ಸೀಸೆ ಕಂಡರೆ ನಾನು ಹಿಡಿದುಬಿಡುತ್ತೇನೆಂದು ಅದನ್ನು ಉದ್ದ ಮೂತಿಯ ಮೆಶಿನ್ ಎಣ್ಣೆಯ ಡಬ್ಬಿಗೆ ಸುರಿದುಕೊಂಡಿದ್ದರು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿರುವಾಗ ಗಿಣ್ಣಿಗೆ ಎರಡು ತೊಟ್ಟು, ಮಣಿಕಟ್ಟಿಗೆ ನಾಲ್ಕು ತೊಟ್ಟು. ಯಂತ್ರಕ್ಕೆ ಬಿಟ್ಟ ಹಾಗೇ ಬಿಟ್ಟು, ಬೆರಳನ್ನು ಹಿಂದೆ ಮುಂದೆ ಆಡಿಸಿ ಎಣ್ಣೆ ಇಳಿಸುತ್ತಿದ್ದರಂತೆ! ನಾನು ಹುರಿದ ಮರಳಿನ ಶಾಖ ಕೊಟ್ಟದ್ದೆಲ್ಲ ಆ ಎಣ್ಣೆಯ ಮೇಲೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಡಬ್ಬಿಯನ್ನು ಎತ್ತಿ ಅವರ ತಲೆಗೇ ಸುರಿಯಬೇಕೆನಿಸಿತು. ಸುರಿಯಲಿಲ್ಲ. ಕೋಟನ್ನೂ ಅವರನ್ನೂ ಎಳೆದುಕೊಂಡು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದೆ.

ಡಾಕ್ಟರಮ್ಮ ಕೋಟಿನ ಬೆನ್ನು ನೋಡಿದರು, ಮೂಸಿದರು, ಗಂಭೀರವಾಗಿ ಕೇಳಿದರು. “ಕೋಟಿಗೆ ಏನು ಬೆನ್ನುನೋವಾ?”

ನನಗೆ ನಗು ತಡೆಯಲಾಗಲಿಲ್ಲ. ಸಿಟ್ಟೆಲ್ಲ ನಗುವಿನಲ್ಲೇ ಹೋಯಿತು. ನಮ್ಮವರು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ, “ಅಮ್ಮಾ, ನೀವು ಹೇಳಿದ್ದು ನನಗೆ ಅವತ್ತೇ ಅರ್ಥ ಆಗ್ಬೇಕಿತ್ತು. ಕಸ ಒಳಗಿದೆ. ಮೊದಲು ಅದನ್ನ ತೆಗೀಬೇಕು. ಅಷ್ಟೇ ತಾನೇ?” ಎಂದರು.

“ಅಷ್ಟೇ,” ಎಂದರು ಡಾಕ್ಟರಮ್ಮ. “ಎಣ್ಣೆ ಒಳ್ಳೇದೇ. ಅದರ ಸರದಿ ಇನ್ನೂ ಬಂದಿಲ್ಲ.” ಅವರು ಬೈಯಲಿಲ್ಲ. ಬೈಯುವ ಕೆಲಸಕ್ಕೆ ನಾನಿದ್ದೇನೆ ಎಂದು ಅವರಿಗೆ ಗೊತ್ತಾಗಿತ್ತು.

ಅಲ್ಲಿಂದ ಮುಂದೆ ನಮ್ಮವರು ನಿಜವಾದ ರೋಗಿಯಾದರು. ಅಂದರೆ ಗೊಣಗಲು ಶುರು ಮಾಡಿದರು. ಶುಂಠಿ ನೀರು ಖಾರವಾಯಿತು, ಗಂಜಿ ತೆಳ್ಳಗಾಯಿತು, ಮರಳು ಬಿಸಿಯಾಯಿತು, ಮರಳು ತಣ್ಣಗಾಯಿತು. ಮಧ್ಯಾಹ್ನ ಕಣ್ಣು ಎಳೆಯುವಾಗ ನಾನು ಅವರನ್ನು ಎಬ್ಬಿಸಿ ಬೀದಿಯ ಕೊನೆಯವರೆಗೆ ನಡೆಸಿಕೊಂಡು ಬರುತ್ತಿದ್ದೆ. “ಇದು ಮದುವೆನಾ ಮಿಲಿಟರೀನಾ?” ಎನ್ನುತ್ತಿದ್ದರು. ಆ ಗೊಣಗಾಟ ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಗೊಣಗುತ್ತಿದ್ದಾರೆ ಎಂದರೆ ಏನೂ ಮುಚ್ಚಿಡುತ್ತಿಲ್ಲ ಎಂದು ಅರ್ಥ.

ಮೊದಲು ಮಣಿಕಟ್ಟಿನ ಬಾವು ಇಳಿಯಿತು. ಆಮೇಲೆ ಮಂಡಿ. ಒಂದು ದಿನ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ, ನಾನು ನೋಡಿದೆನೋ ಇಲ್ಲವೋ ಎಂದು ನೋಡಿದರು. ನಾನು ನೋಡಿಯೂ ನೋಡದ ಹಾಗೆ ಹೊಲಿಯುತ್ತ ಕೂತೆ. ಸುಮ್ಮನಿರಲಾಗದೆ ಅವರೇ ಕೆಮ್ಮಿ, ಇನ್ನೊಮ್ಮೆ ಎತ್ತಿ ತೋರಿಸಿದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಉರಿಯೂತ ಕಡಿಮೆಯಾಗಿದೆ, ಎರಡೂ ಮದ್ದು ಹೀಗೇ ನಡೆಯಲಿ, ನಡುನಡುವೆ ಬಂದು ತೋರಿಸಿ ಎಂದರು. ಮಾತ್ರೆ ಕೆಲಸ ಮಾಡಿತೋ, ಶುಂಠಿ ಮಾಡಿತೋ, ಗಂಜಿ ಮಾಡಿತೋ ನನಗೆ ಗೊತ್ತಿಲ್ಲ. ಯಾರೇ ಮಾಡಿದ್ದರೂ ಅವರಿಗೆ ದೊಡ್ಡ ನಮಸ್ಕಾರ.

ಡಾಕ್ಟರಮ್ಮ ಕಡೆಗೊಂದು ದಿನ ನಾಲಗೆ ನೋಡಿ, “ಇವತ್ತಿಂದ ಎಣ್ಣೆ,” ಎಂದರು. ಮನೆಗೆ ಬರುವವರೆಗೂ ನಮ್ಮವರು ನನಗಿಂತ ಮುಂದೆ ಮುಂದೆ ನಡೆದರು. ನಾನು ಎಣ್ಣೆ ಬೆಚ್ಚಗೆ ಮಾಡಿ ಅವರ ಕೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ತಿಕ್ಕಿದೆ. ಕಣ್ಣು ಮುಚ್ಚಿಕೊಂಡು ಕೂತಿದ್ದರು. ಇನ್ನೊಂದು ತೊಟ್ಟು, ಅಲ್ಲಿ, ಹೆಬ್ಬೆರಳ ಬುಡಕ್ಕೆ ಎಂದು ಹೇಳಿಕೊಡುವುದನ್ನು ಮಾತ್ರ ಬಿಡಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು. ಮುಗಿಯಿತು, ಗೆದ್ದೆವು ಎಂದೇ ಅಂದುಕೊಂಡೆ.

ಶಾಲೆಗೆ ರಜೆ ಬಂತು.

ರಜೆಯ ಮೊದಲ ದಿನ ಮಗಳು ಬಂದಳು, ಅವಳ ಹಿಂದೆ ಜೆರಾಕ್ಸಿನವರು ಟೇಪು ಹಿಡಿದುಕೊಂಡು. ಕರೆದದ್ದು ಅವಳಲ್ಲ, ನಮ್ಮವರೇ. ಮಾತು ಮಾತೇ, ಬಂದು ಅವರೇ ಕಣ್ಣಾರೆ ನೋಡಲಿ ಎಂದು ಹೇಳಿ ಕಳಿಸಿದ್ದರು. ಪರದೆಯ ಅಮ್ಮನ ಯಂತ್ರ ಪೆಡಲ್ ಇರುವ ಮೇಜಿನ ಮೇಲಿತ್ತು. ಕಸ ತೆಗೆದು, ತೊಳೆದು, ಒಣಗಿಸಿ, ಎಣ್ಣೆ ಬಿಟ್ಟು, ಎಲ್ಲವನ್ನೂ ಒಂದು ವಾರದಿಂದ ಅವರೇ ನಿಧಾನವಾಗಿ ಜೋಡಿಸಿದ್ದರು. ಉಳಿದಿದ್ದು ಬಾಬಿನ್ ಕೇಸಿನ ಸ್ಕ್ರೂ ಒಂದು. ಕೆಳಗಿನ ದಾರದ ಬಿಗಿ ಹಿಡಿಯುವುದು ಅದೇ. ಸಾಸಿವೆಗಿಂತ ಸ್ವಲ್ಪ ದೊಡ್ಡದು.

ಅವರು ಸ್ಕ್ರೂವನ್ನು ಹೆಬ್ಬೆರಳು ತೋರುಬೆರಳ ನಡುವೆ ಎತ್ತಿದರು. ಕೂರಿಸಲು ಹೋದರು, ಬಿತ್ತು. ಮತ್ತೆ ಎತ್ತಿದರು, ಬಿತ್ತು. ಬಾವು ಇರಲಿಲ್ಲ, ಆದರೆ ಹೆಬ್ಬೆರಳ ತುದಿಗೆ ಹಳೆಯ ಹಿಡಿತ ಬಂದಿರಲಿಲ್ಲ. ಮೂರನೆಯ ಸಲ ಅದು ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಜೆರಾಕ್ಸಿನವರು ಟೇಪನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಮಗಳು ಅಳು ತಡೆಯಲು ಸೂರು ನೋಡುತ್ತಿದ್ದಳು. ಇಷ್ಟು ದಿನ ಅಪ್ಪ ಸಾಕು ಮಾಡಲಿ ಎಂದವಳಿಗೂ ಅವರು ಸೋಲುವುದು ಬೇಕಿರಲಿಲ್ಲ.

“ನೋವಿಲ್ಲ,” ಎಂದರು ನಮ್ಮವರು, ಯಾರ ಮುಖವನ್ನೂ ನೋಡದೆ. “ಆದರೆ ಹಿಡಿತ ಸಿಕ್ತಿಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ರು, ಪೂರ್ತಿ ಹೋಗಲ್ಲ ಅಂತ. ನಾನು ಕಿವಿಗೆ ಹಾಕ್ಕೊಂಡಿರಲಿಲ್ಲ. ಕೈ ಕೆಲಸಕ್ಕೆ ಬರದಿದ್ರೆ ಕೋಣೆ ಕೊಡ್ತೀನಿ ಅಂದಿದ್ದೆ...”

ನನಗೆ ಮುಂದಿನದನ್ನು ಕೇಳಲಾಗಲಿಲ್ಲ. ಮೇಜಿನ ಕೆಳಗೆ ಮಂಡಿಯೂರಿ ಸ್ಕ್ರೂ ಹುಡುಕಿದೆ. ಸಿಕ್ಕಿತು. ಎದ್ದವಳೇ ಅವರ ಕೈಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು ಪಕ್ಕದ ಸ್ಟೂಲಿನಲ್ಲಿ ಕೂತು, “ಎಲ್ಲಿಗೆ ಹಾಕ್ಬೇಕು, ಹೇಳಿ,” ಎಂದೆ.

“ನೀನಾ?”

“ಗುಂಡಿ ಹೊಲಿಯೋ ಬೆರಳು ಸ್ಕ್ರೂ ಹಾಕಲ್ವಾ? ಹೇಳ್ರೀ ಬೇಗ.”

ಅವರು ನನ್ನನ್ನೇ ನೋಡಿದರು. ಆ ನೋಟ ನಾನು ಬಲ್ಲೆ. ಯಾರಾದರೂ ತಮ್ಮ ಸಾಮಾನು ಮುಟ್ಟಿದರೆ ಕೂಗುವ ಮುಂಚೆ ನೋಡುವ ನೋಟ. ಈ ಸಲ ಕೂಗು ಬರಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಎಡಗಡೆ ಸಣ್ಣ ಕಣ್ಣಿದೆ ನೋಡು. ಅಲ್ಲಿ ಇಡು. ನೆಟ್ಟಗೆ. ಒತ್ಬೇಡ. ಹಾಂ, ಈಗ ತಿರುಗ್ಸು. ಮೆಲ್ಲಗೆ. ಸಾಕು, ಸಾಕು ಅಂದ್ನಲ್ಲ!”

ಸ್ಕ್ರೂ ಕೂತಿತು. ಅವರು ಬಾಬಿನ್ ಹಾಕಿ ದಾರ ಹಿಡಿದು ಎಳೆದರು, ಮೂಗು ಮುರಿದರು. ಕಾಲು ಅವರದು ಚೆನ್ನಾಗಿತ್ತು, ಪೆಡಲ್ ತುಳಿದರು. ಕಿವಿಯನ್ನು ಯಂತ್ರಕ್ಕೆ ಹತ್ತಿರ ಹಿಡಿದು, “ಸ್ಕ್ರೂ ಕಾಲು ಸುತ್ತು ಹಿಂದಕ್ಕೆ ತಿರುಗ್ಸು,” ಎಂದರು. ತಿರುಗಿಸಿದೆ. “ಇನ್ನೊಂದು ಕೂದಲಷ್ಟು.” ತಿರುಗಿಸಿದೆ. ಮತ್ತೆ ತುಳಿದರು. ಮಗಳು ತನ್ನ ಕರ್ಚೀಫನ್ನೇ ಸೂಜಿಯ ಕೆಳಗಿಟ್ಟಳು. ಹೊಲಿಗೆ ಸರಸರನೆ ಓಡಿತು. ಮೇಲೆ ಕೆಳಗೆ ಎರಡೂ ಕಡೆ ಒಂದೇ ಸಮ.

ಜೆರಾಕ್ಸಿನವರು ಕರ್ಚೀಫು ಮಗುಚಿ ನೋಡಿ ಕೇಳಿದರು. “ಹಾಗಾದ್ರೆ ಮೇಷ್ಟ್ರೇ, ಕೋಣೆ?”

ಇವರು ಮಗಳ ಕಡೆ ನೋಡಿದರು. ಅವಳು ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

“ಕ್ಷಮಿಸ್ಬೇಕಪ್ಪ, ಕೋಣೆ ಖಾಲಿ ಇಲ್ಲ,” ಎಂದರು. “ಹೊಸದಾಗಿ ಒಬ್ಬರು ಕೆಲಸಕ್ಕೆ ಸೇರಿದ್ದಾರೆ. ಕಲಿಯೋದು ಇನ್ನೂ ಬೇಕಾದಷ್ಟಿದೆ. ಬಾಯಿ ಬೇರೆ ಜೋರು.”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಳು ಕಾಣಬಾರದೆಂದು ದನಿ ಏರಿಸಿದೆ.

“ಕೆಲಸಕ್ಕೇನೋ ಬರ್ತೀನಿ. ಆದ್ರೆ ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಈ ಕೋಣೇಲಿ ಕೆಲಸ ಶುರು ಮಾಡೋ ಹಾಗಿಲ್ಲ. ನನಗೆ ಮನೆಗೆಲಸ ಮುಗಿಯಲ್ಲ. ಗಿರಾಕಿಗಳಿಗೂ ಹೇಳಿಬಿಡಿ. ಒಪ್ಪಿಗೆನಾ?”

ಮಗಳೂ ಜೆರಾಕ್ಸಿನವರೂ ನಕ್ಕರು. ಆರು ಗಂಟೆಗೆಲ್ಲ ನನ್ನ ಮನೆಗೆಲಸ ಮುಗಿದಿರುತ್ತದೆ. ಎಷ್ಟು ಶಾಖ ಕೊಟ್ಟರೂ ಬೆಳಿಗ್ಗೆ ಅವರ ಬೆರಳುಗಳು ಬಿಚ್ಚಿಕೊಳ್ಳುವ ಹೊತ್ತಿಗೆ ಹತ್ತಾಗುತ್ತದೆ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ನಮ್ಮವರು ನಗಲಿಲ್ಲ. ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು, ಆಮೇಲೆ ನನ್ನನ್ನು ನೋಡಿದರು.

“ಆಗಲಿ,” ಎಂದರು. “ಹತ್ತಕ್ಕೇ ಬಾ.”